ವಚನಕ್ಕೆ ಗಿಟಾರ್ ಸಲ್ಲದೆ?

(ತುಮಕೂರಿನಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಕರಪತ್ರದಲ್ಲಿ ನನ್ನ ವಿಷಯ ‘ವಚನ ಗಾಯನ: ಹಳತು, ಹೊಸತು’ ಎಂದು ಅಚ್ಚಾಗಿದೆ. ಆದರೆ ಇವತ್ತಿನ ಚರ್ಚೆ ಯಾವುದರ ಮೇಲೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ನಮ್ಮ ಬಳಗದ ಇಬ್ಬರು ಮಕ್ಕಳು ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಒಂದೊಂದು ಸಂಜೆ ವಚನ ಗಾಯನ ಮಾಡುತ್ತೇವೆಂದು ಕೇಳಿದ್ದಾರೆ. ಒಬ್ಬಳು ಹಾಡುತ್ತಾಳೆ, ಒಬ್ಬ ಗಿಟಾರ್ ನುಡಿಸುತ್ತಾನೆ. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಒಂದು ಕಂಠ, ಒಂದು ಗಿಟಾರ್, ಅಷ್ಟೇ. ಹಳೆಯ ಧಾಟಿಯವು ಕೆಲವು, ತಾವೇ ಹೊಸದಾಗಿ ರಾಗ ಹಾಕಿದವು ಕೆಲವು. ಹಿರಿಯರಲ್ಲಿ ಕೆಲವರು ಬೇಡವೆಂದಿದ್ದಾರೆ. ಇವತ್ತು ಗಿಟಾರ್ ಬಂದರೆ ನಾಳೆ ಡ್ರಮ್ಸ್ ಬರುತ್ತದೆ, ನಾಡಿದ್ದು ಕುಣಿತ ಬರುತ್ತದೆ, ವಚನ ಎಲ್ಲಿ ಉಳಿಯಿತು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಗಣೇಶನ ಹಬ್ಬದ ಪೆಂಡಾಲುಗಳಲ್ಲಿ ಭಕ್ತಿಗೀತೆಗೆ ಏನಾಯಿತೆಂದು ನಾವೆಲ್ಲ ಕಿವಿಯಾರೆ ಕೇಳಿದ್ದೇವೆ, ಕಿವಿ ಮುಚ್ಚಿಕೊಂಡೂ ಕೇಳಿದ್ದೇವೆ.

ನಾನು ಸಂಗೀತ ಶಾಸ್ತ್ರಜ್ಞನಲ್ಲ. ಸರ್ಕಾರಿ ಇಂಜಿನಿಯರ್ ಆಗಿ ರಸ್ತೆ, ಸೇತುವೆ, ಕೆರೆ ಏರಿ, ಕಟ್ಟಡ ಎಂದು ಅಂದಾಜುಪಟ್ಟಿ ಬರೆದು ನಿವೃತ್ತನಾದವನು. ಸಂಗೀತ ಗೊತ್ತಿರುವವರು ಊರಲ್ಲಿರುವಾಗ ನನ್ನನ್ನು ಯಾಕೆ ಕರೆದರೋ ತಿಳಿಯದು. ಬಹುಶಃ ಎರಡೂ ಕಡೆಯವರಿಗೆ ಬೇಡದವನೊಬ್ಬ ಇರಲಿ ಎಂದಿರಬೇಕು. ಆದ್ದರಿಂದ ಕಟ್ಟಡ ಪರೀಕ್ಷೆ ಮಾಡುವ ಹಾಗೆಯೇ ನೋಡುತ್ತೇನೆ. ಹೊರಗಿನ ಬಣ್ಣ ಬಿಟ್ಟು, ಭಾರ ಎಲ್ಲಿ ಬೀಳುತ್ತದೆ ಎಂದು ನೋಡುವುದು.

ಮೊದಲು ‘ಪರದೇಶಿ ವಾದ್ಯ’ ಎಂಬ ಆಕ್ಷೇಪ. ನಮ್ಮ ಹಳ್ಳಿಹಳ್ಳಿಯ ಭಜನೆ ಮಂಡಳಿಯಲ್ಲಿ ನಡುವೆ ಕೂತಿರುವ ಹಾರ್ಮೋನಿಯಂ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದ ಪೆಟ್ಟಿಗೆ ಅದು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವಂತೆ ಅದನ್ನು ಬದಲಾಯಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು. ಆಕಾಶವಾಣಿ ಈ ವಾದ್ಯ ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲವೆಂದು 1940ರಲ್ಲಿ ಹೊರಗಿಟ್ಟಿತು; 1971ರ ತನಕ ಅದಕ್ಕೆ ಅಲ್ಲಿ ಬಾಗಿಲು ತೆರೆಯಲಿಲ್ಲ. ಬಾನುಲಿ ಬೇಡವೆಂದ ಆ ಮೂವತ್ತು ವರ್ಷವೂ ನಮ್ಮ ಭಜನೆ ಮನೆಗಳು, ನಾಟಕ ಕಂಪನಿಗಳು ಅದನ್ನು ಸಾಕಿಕೊಂಡವು. ಪಿಟೀಲಿನದೂ ಇದೇ ಕಥೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಕಲಿತು ತಂದದ್ದು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದ ಮೇಲೆ ಅದನ್ನು ಪರದೇಶಿ ಎನ್ನುವ ಧೈರ್ಯ ಯಾರಿಗಿದೆ?

ನಮ್ಮ ಜಿಲ್ಲೆಯವರಿಗಂತೂ ಈ ಮಾತು ಹೊಸದಲ್ಲ. ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಗೆ ಬಂದು ನಾಡೆಲ್ಲ ಹೆಸರಾಯಿತು. ಪುರಾಣದ ಕಥೆಯನ್ನೇ ಆಡುತ್ತಿದ್ದರು. ಆದರೆ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ನಟಿಯರಿಗೆ ಜಾಗ ಕೊಟ್ಟರು. ಅದೇ ಕಂಪನಿಗೆ ದಕ್ಷಿಣ ಕನ್ನಡದಿಂದ ಓಡಿಬಂದು ಸೇರಿದ ಹುಡುಗ ಬಿ. ವಿ. ಕಾರಂತರು ಮುಂದೆ ಕಲ್ಲು, ಕೋಲು, ತಗಡಿನಿಂದಲೂ ರಂಗಸಂಗೀತ ಹೊರಡಿಸಿದರು. ಗುಬ್ಬಿಯಲ್ಲಿ ನಿಂತುಕೊಂಡು ‘ಹೊಸ ವಾದ್ಯ ಬೇಡ’ ಎನ್ನುವುದು ಆ ಊರಿಗೇ ಹೊಂದುವುದಿಲ್ಲ.

ಇನ್ನೂ ಹಿಂದಕ್ಕೆ, ಕಲ್ಯಾಣಕ್ಕೇ ಹೋಗೋಣ. ಕಿನ್ನರಿ ಬೊಮ್ಮಯ್ಯನವರ ಹೆಸರಲ್ಲೇ ವಾದ್ಯವಿದೆ. ಅಕ್ಕಸಾಲೆಯ ಕಸುಬು ಬಿಟ್ಟು ಕಿನ್ನರಿ ನುಡಿಸುವುದನ್ನೇ ಕಾಯಕ ಮಾಡಿಕೊಂಡವರು ಎಂದು ಶರಣ ಚರಿತೆಗಳು ಹೇಳುತ್ತವೆ. ಕಿನ್ನರಿ ಎಂದರೇನು? ಉದ್ದನೆಯ ದಂಡಿಗೆ, ಕೆಳಗೆ ಸೋರೆ ಬುರುಡೆ, ದಂಡಿಗೆಯ ಮೇಲೆ ಮೆಟ್ಟಿಲು, ಮೆಟ್ಟಿಲ ಮೇಲೆ ತಂತಿ, ತಂತಿ ಮೀಟುವ ಬೆರಳು. ಸೋರೆ ಬುರುಡೆಯ ಜಾಗದಲ್ಲಿ ಮರದ ಪೆಟ್ಟಿಗೆ ಇಡಿ, ಗಿಟಾರಿನ ನಕ್ಷೆಗೆ ಹತ್ತಿರ ಬಂದಿರಿ. ಎರಡೂ ಒಂದೇ ಎಂದು ನಾನು ಸಾಧಿಸಲು ಹೊರಟಿಲ್ಲ. ಆ ತರಹದ ಸಂಶೋಧನೆಗಳಿಂದ ನಮಗೆ ಒಳ್ಳೆಯದಾಗಿಲ್ಲ. ಮೆಟ್ಟಿಲಿರುವ ತಂತಿವಾದ್ಯ ಹಿಡಿದ ಒಬ್ಬನನ್ನು ಶರಣರು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡರು ಎಂಬುದಷ್ಟೇ ನನ್ನ ಮಾತು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪರೀಕ್ಷಿಸಲು ಹೋದವರು ಇದೇ ಬೊಮ್ಮಯ್ಯನವರು. ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗ ಬರುತ್ತದೆ. ಆ ಗ್ರಂಥದ ಸಂಕಲನಕಾರರಲ್ಲೊಬ್ಬರಾದ ಗೂಳೂರು ಸಿದ್ಧವೀರಣ್ಣೊಡೆಯರ ಊರು ನಮಗೆ ದೂರವೇನಲ್ಲ.

ವಾದ್ಯದ ಜಾತಿ ಕೇಳುವುದನ್ನು ಇಲ್ಲಿಗೆ ಬಿಡೋಣ. ಜಾತಿ ಕೇಳುವುದು ನಮಗೆ ಹೊಂದುವ ಕೆಲಸವೂ ಅಲ್ಲ.

ನಿಜವಾದ ಪ್ರಶ್ನೆ ಬೇರೆ ಇದೆ, ಅದು ಹಾರ್ಮೋನಿಯಂಗೂ ತಂಬೂರಿಗೂ ಗಿಟಾರಿಗೂ ಒಂದೇ. ವಚನ ಎಂದರೆ ಮಾತು. ಮಾತು ಕೇಳಿಸುತ್ತದೆಯೇ? ಹಿಂದಿನ ಸಾಲಿನಲ್ಲಿ ಕೂತಿರುವ ಅಜ್ಜಿ ಮನೆಗೆ ಹೋದ ಮೇಲೆ, ಶರಣರು ಇಂಥದ್ದು ಹೇಳಿದರಂತೆ ಎಂದು ಸೊಸೆಗೆ ಹೇಳುವಷ್ಟು ಕೇಳಿಸಿತೇ? ಅಷ್ಟಾದರೆ ಗಾಯನ ಗೆದ್ದಿತು.

ಇಲ್ಲಿ ನನ್ನ ಓದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಹಾರ್ಮೋನಿಯಂನ ನಾದ ತಿದಿ ಒತ್ತುವ ತನಕ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗಾಯಕಿಯ ಸ್ವರವನ್ನೇ ಅದೂ ನುಡಿಯುತ್ತ ಪದದ ಮೇಲೆ ಹೊದಿಕೆಯ ಹಾಗೆ ಕೂರುತ್ತದೆ. ಕನ್ನಡದ ಮಾತಿನ ಅರ್ಥ ನಿಂತಿರುವುದು ವ್ಯಂಜನದ ಮೇಲೆ: ಕ, ತ, ಪ, ಟ, ಒತ್ತಕ್ಷರಗಳು. ಇವು ಕ್ಷಣಮಾತ್ರ ಇರುವ, ಬಲ ಕಡಿಮೆಯ ಶಬ್ದಗಳು. ಮೊದಲು ಮುಚ್ಚಿಹೋಗುವುದೂ ಇವೇ. ಗಿಟಾರಿನ ತಂತಿ ಹಾಗಲ್ಲ. ಮೀಟಿದ ಕ್ಷಣ ಜೋರು, ಆಮೇಲೆ ಬೇಗಬೇಗ ಇಳಿಯುತ್ತದೆ. ಎರಡು ಮೀಟಿನ ನಡುವೆ ಜಾಗ ಇರುತ್ತದೆ. ಆ ಜಾಗದಲ್ಲಿ ಪದ ಇಟ್ಟರೆ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತದೆ. ನಮ್ಮ ಏಕತಾರಿ, ಚೌಡಿಕೆ, ತಂಬೂರಿ ಹಿಡಿದು ಹಾಡುವ ತತ್ವಪದಕಾರರ ಮಾತು ಸಂತೆಯ ಗದ್ದಲದಲ್ಲೂ ಕೇಳಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಒಂದು ಕಂಠ, ಒಂದು ಮೀಟುವ ತಂತಿ ಎಂಬ ಜೋಡಿ ಹೊಸ ಫ್ಯಾಷನ್ ಅಲ್ಲ. ಶಿಶುನಾಳ ಶರೀಫರ ಪದಗಳನ್ನು ಹೀಗೆ ತಂಬೂರಿಯ ಮೇಲೆ ಹಾಡುತ್ತಲೇ ಜನ ಉಳಿಸಿಕೊಂಡು ಬಂದರು.

ಗಿಟಾರಿನ ದೋಷವನ್ನೂ ಹೇಳಬೇಕು, ಇಲ್ಲದಿದ್ದರೆ ವಕೀಲಿಕೆ ಆಗುತ್ತದೆ. ಅದರ ಮೆಟ್ಟಿಲುಗಳನ್ನು ಒಂದು ಸ್ಥಾಯಿಯಲ್ಲಿ ಹನ್ನೆರಡು ಸಮಪಾಲು ಮಾಡಿ ಕೂರಿಸಿರುತ್ತಾರೆ. ಷಡ್ಜ 200 ಹರ್ಟ್ಸ್ ಎಂದಿಟ್ಟುಕೊಳ್ಳಿ. ತಂಬೂರಿಯ ಜೊತೆ ಹಾಡುವವರ ಅಂತರ ಗಾಂಧಾರ 250ರಲ್ಲಿ ನಿಲ್ಲುತ್ತದೆ. ಗಿಟಾರಿನ ಮೆಟ್ಟಿಲಲ್ಲಿ ಅದು 252. ಪಂಚಮದಲ್ಲಿ ಮಾತ್ರ 300ಕ್ಕೂ ಗಿಟಾರಿಗೂ ಇರುವ ವ್ಯತ್ಯಾಸ ಒಂದು ಹರ್ಟ್ಸಿನ ಮೂರನೇ ಒಂದು ಪಾಲಿನಷ್ಟು, ಕಿವಿಗೆ ಗೊತ್ತಾಗದು. ಆದ್ದರಿಂದ ವಾದಕ ಗಾಂಧಾರ ಸೇರಿಸಿ ಆರೂ ತಂತಿಯನ್ನು ಒಟ್ಟಿಗೆ ಬಾರಿಸಿದರೆ ಗಾಯಕಿ ತನ್ನ ಶ್ರುತಿ ಬಿಟ್ಟು ಅವನ ಕಡೆ ಜಾರುತ್ತಾಳೆ, ರಾಗದ ಬಣ್ಣ ಕದಡುತ್ತದೆ. ಸ, ಪ ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿದರೆ ಈ ತೊಂದರೆ ಇಲ್ಲ. ಹಾರ್ಮೋನಿಯಂನಲ್ಲೂ ಇದೇ ದೋಷ ಇದೆ, ಅಭ್ಯಾಸವಾಗಿ ನಾವು ಗಮನಿಸುವುದಿಲ್ಲ. ಈ ಮಾತನ್ನು ಆ ಹುಡುಗನಿಗೂ ಹೇಳಿದ್ದೇನೆ. ಅವನಿಗೆ ಆಗಲೇ ಗೊತ್ತಿತ್ತು. ತಂತಿಗಳನ್ನು ಸ-ಪ-ಸ ಎಂದು ಬೇರೆ ರೀತಿ ಶ್ರುತಿ ಮಾಡಿಕೊಂಡು ತೋರಿಸಿದ.

ಈ ದಾರಿಯಲ್ಲಿ ಮೊದಲು ನಡೆದವರೂ ಇದ್ದಾರೆ. ಪಿ. ಕಾಳಿಂಗರಾಯರು ಸೂಟು ಬೂಟಿನಲ್ಲಿ ವೇದಿಕೆಗೆ ಬಂದು ಕನ್ನಡದ ಕವಿತೆ, ವಚನ, ಜನಪದಗಳನ್ನು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಹಾಡಿದರು. ಆಗಲೂ ಮೂಗು ಮುರಿದವರಿದ್ದರು. ಅವರು ಹಾಡಿದ್ದನ್ನು ಇವತ್ತು ನಾವು ‘ಹಳೆಯ ಧಾಟಿ’ ಎನ್ನುತ್ತೇವೆ! ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರ ಪದಗಳನ್ನು ಹಾಡಿದ ಧ್ವನಿಮುದ್ರಿಕೆ 2008ರಲ್ಲಿ ಬಂತು. ಲಂಡನ್ನಿನ ಬಿಬಿಸಿಯಲ್ಲಿ ಕೂತವರೂ ಅದನ್ನು ಕೇಳಿದರು. ಅವರದು ದೊಡ್ಡ ತಂಡ, ದೊಡ್ಡ ಶಬ್ದ. ನಮ್ಮ ಮಕ್ಕಳ ಯೋಜನೆಗೆ ಹತ್ತಿರವಾದದ್ದು ಬಿಂದುಮಾಲಿನಿ ಮತ್ತು ವೇದಾಂತ್ ಭಾರದ್ವಾಜ್ ಅವರ ಜೋಡಿ. ಇಬ್ಬರೂ ಶಾಸ್ತ್ರೀಯ ಸಂಗೀತ ಕಲಿತವರು, ಇಬ್ಬರೂ ಹಾಡುತ್ತಾರೆ, ವೇದಾಂತ್ ಅವರ ಕೈಯಲ್ಲಿ ಗಿಟಾರ್. ‘ಸುನೋ ಭಾಯಿ’ ಎಂಬ ಹೆಸರಿನಲ್ಲಿ ಅವರು ಕಬೀರರ ಪದಗಳನ್ನು ಹಾಡಿದ್ದಾರೆ. ಅದೇ ಬಿಂದುಮಾಲಿನಿ 2018ರ ಕನ್ನಡ ಚಿತ್ರ ‘ನಾತಿಚರಾಮಿ’ಗೆ ಸಂಗೀತ ಕೊಟ್ಟು, ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಕಬೀರರನ್ನು ಹಾಡುವಾಗ ಅವರಿಬ್ಬರೂ ಆತುರ ಮಾಡುವುದಿಲ್ಲ. ಒಂದು ಮಾತು ಹೇಳಿ ತಂತಿಗೆ ಬಿಡುತ್ತಾರೆ, ಮತ್ತೆ ಮಾತಿಗೆ ಬರುತ್ತಾರೆ. ಹಿಂದಿ ಅಷ್ಟಾಗಿ ಬಾರದ ನನಗೂ ಅಲ್ಲಲ್ಲಿ ಅರ್ಥವಾಯಿತೆಂದರೆ ನೋಡಿ.

ಇಷ್ಟು ಹೇಳಿದ ಮೇಲೆ ಮಕ್ಕಳ ಪಕ್ಷ ವಹಿಸಿದೆ ಎಂದುಕೊಳ್ಳಬೇಡಿ. ಅವರ ಕಾರ್ಯಕ್ರಮದ ಪಟ್ಟಿಯನ್ನು ನೋಡಿದೆ. ನನ್ನ ತಕರಾರು ಗಿಟಾರಿನ ಮೇಲಲ್ಲ, ಆ ಪಟ್ಟಿಯ ಮೇಲೆ.

ಒಂದು, ಪಲ್ಲವಿಯ ಸಮಸ್ಯೆ. ಶರಣರಲ್ಲಿ ಎರಡು ಬಗೆಯ ರಚನೆ ಇದೆ. ಸ್ವರವಚನ ಹಾಡಿಗೆಂದೇ ಕಟ್ಟಿದ್ದು. ಅದಕ್ಕೆ ರಾಗ ಇದೆ, ತಾಳ ಇದೆ, ಪಲ್ಲವಿ ಇದೆ. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯ ಪದಗಳೂ, ಸರ್ಪಭೂಷಣ ಶಿವಯೋಗಿಗಳ ಪದಗಳೂ ಹಾಡಲೆಂದೇ ಬಂದವು. ಅಲ್ಲಿ ಪಲ್ಲವಿಗೆ ಮತ್ತೆಮತ್ತೆ ಬರುವುದು ಸರಿ. ಆದರೆ ವಚನದ ಕಟ್ಟಡ ಬೇರೆ. ಒಂದು ಉದಾಹರಣೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಒಂದು ತಿರುವು, ಕೊನೆಗೆ ಅಂಕಿತ. ಕಲ್ಲಿನ ಮೇಲೆ ಕಲ್ಲಿಟ್ಟು ಕಮಾನು ಕಟ್ಟಿದ ಹಾಗೆ. ಅಂಕಿತ ಬಿದ್ದಾಗಲೇ ಭಾರ ನಿಲ್ಲುವುದು. ಅಂಕಿತ ಹಾಡಿದ ಮೇಲೆ ಮತ್ತೆ ಮೊದಲ ಸಾಲಿಗೆ ಓಡಿಬಂದು ಅದನ್ನೇ ನಾಲ್ಕು ಸಲ ತಿರುಗಿಸಿದರೆ ಕಟ್ಟಿದ ಕಮಾನನ್ನು ಕೆಡವಿದ ಹಾಗೆ. ಎಷ್ಟೋ ವಚನಗಳ ಮೊದಲ ಸಾಲು ಶರಣರ ಅಭಿಪ್ರಾಯವೇ ಅಲ್ಲ, ಅವರು ಒಡೆಯಲು ಹೊರಟ ಲೋಕದ ಮಾತು! ಅದನ್ನೇ ಪಲ್ಲವಿ ಮಾಡಿದರೆ ಗತಿಯೇನು? ಈ ತಪ್ಪು ಗಿಟಾರಿನಿಂದ ಬಂದದ್ದಲ್ಲ. ಕ್ಯಾಸೆಟ್ ಕಾಲದಿಂದ ನಡೆದುಬಂದಿದೆ, ಹಾರ್ಮೋನಿಯಂ ಜೊತೆಯೂ ನಡೆದಿದೆ.

ಇಲ್ಲಿ ಪಂಡಿತ್ ಮಲ್ಲಿಕಾರ್ಜುನ ಮನ್ಸೂರರ ಹೆಸರು ತೆಗೆಯುವುದಕ್ಕೆ ಸ್ವಲ್ಪ ಅಂಜಿಕೆ. ಖಯಾಲಿನ ಆ ಮಹಾನುಭಾವರು ವಚನಗಳನ್ನು ರಾಗಕ್ಕೆ ಹಾಕಿ ಹಾಡಿದ ಮೇಲೆಯೇ ಸಂಗೀತ ಸಭೆಗಳಲ್ಲಿ ವಚನಕ್ಕೆ ಮೇಲಿನ ಮಣೆ ಸಿಕ್ಕಿತು. ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಆ ದಾರಿಯನ್ನು ಇನ್ನಷ್ಟು ಅಗಲ ಮಾಡಿದರು. ಅವರ ಋಣ ದೊಡ್ಡದು. ಆದರೂ ವಚನ ಬಾಯಿಪಾಠ ಇರುವವನಿಗೆ ಆ ಗಾಯನ ಅಮೃತ. ಇಲ್ಲದವನಿಗೆ ರಾಗ ಸಿಕ್ಕಿ ಮಾತು ತಪ್ಪಿಹೋಗುವುದೂ ಉಂಟು. ಲಯದ ಲೆಕ್ಕ, ಗಣದ ಲೆಕ್ಕ ತಮಗೆ ಗೊತ್ತಿಲ್ಲ, ಪ್ರೀತಿ ಬಂದ ಹಾಗೆ ಹಾಡುತ್ತೇನೆ ಎಂಬ ಅರ್ಥದ ಮಾತನ್ನು ಬಸವಣ್ಣನವರೇ ಆಡಿದ್ದಾರಲ್ಲ. ವಚನಕ್ಕೆ ತಾಳ ಕಡ್ಡಾಯವಲ್ಲ. ತಬಲಾ ಇಲ್ಲದ ಈ ಜೋಡಿಗೆ ಆ ಸ್ವಾತಂತ್ರ್ಯ ಇದೆ. ಮಾತಿನ ನಡಿಗೆಯಲ್ಲೇ ಹಾಡಬಹುದು, ಬೇಕಾದಲ್ಲಿ ಬರೀ ಓದಲೂಬಹುದು.

ಎರಡನೆಯ ತಕರಾರು ಇದಕ್ಕಿಂತ ದೊಡ್ಡದು. ಪಟ್ಟಿಯಲ್ಲಿ ಹನ್ನೆರಡು ರಚನೆಗಳಿವೆ. ಏಳು ಬಸವಣ್ಣನವರವು, ಮೂರು ಅಕ್ಕನವರವು, ಒಂದು ಅಲ್ಲಮಪ್ರಭುಗಳದು, ಒಂದು ಶರೀಫರದು. ಹನ್ನೆರಡರಲ್ಲಿ ಹತ್ತು ನಾವೆಲ್ಲ ಶಾಲೆಯ ಪ್ರಾರ್ಥನೆಯಿಂದ ಕೇಳಿಕೊಂಡೇ ಬಂದವು. ಗಿಟಾರ್ ಹಿಡಿದ ಮಾತ್ರಕ್ಕೆ ಹೊಸದಾಯಿತೇ? ಹೊಸತು ಎಂದರೆ ಇಷ್ಟು ವರ್ಷ ವೇದಿಕೆಗೆ ಬಾರದ ಮಾತು ವೇದಿಕೆಗೆ ಬರುವುದು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿ ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದಾಗ ಬರೀ ಹತ್ತು ವಚನಕ್ಕೋಸ್ಕರ ಅಷ್ಟು ಕಷ್ಟಪಟ್ಟರೇ? ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮ, ಮುಲಾಜಿಲ್ಲದೆ ಮಾತಾಡುವ ಅಂಬಿಗರ ಚೌಡಯ್ಯ, ಸೂಳೆ ಸಂಕವ್ವ, ಸತ್ಯಕ್ಕ, ಮಾದಾರ ಧೂಳಯ್ಯ. ಇವರ ವಚನಗಳಿಗೆ ಯಾರು ರಾಗ ಹಾಕಿದ್ದಾರೆ? ನಾವು ಜಯಂತಿಯ ಭಾಷಣಗಳಲ್ಲಿ ಇವರ ಹೆಸರು ಹೇಳುತ್ತೇವೆ, ಗಾಯನಕ್ಕೆ ಬಂದಾಗ ಬಿಟ್ಟುಬಿಡುತ್ತೇವೆ. ಅನುಭವ ಮಂಟಪದಲ್ಲಿ ಸರಿಸಮ ಕೂತವರನ್ನು ನಮ್ಮ ಮೈಕಿನ ಮುಂದೆ ಹಿಂದಿನ ಸಾಲಿಗೆ ಕಳಿಸಿದ್ದೇವೆ. ಕುಣಿಗಲ್ಲಿನಲ್ಲಿ ಹಾಡುವವರು ಎಡೆಯೂರು ಸಿದ್ಧಲಿಂಗೇಶ್ವರರ ವಚನ ಒಂದೂ ಇಲ್ಲದೆ ಎದ್ದು ಬರುವುದೇ? ತೋಂಟದ ಸಿದ್ಧಲಿಂಗ ಯತಿಗಳ ಷಟ್‌ಸ್ಥಲ ಜ್ಞಾನಸಾರಾಮೃತದಲ್ಲಿ 701 ವಚನಗಳಿವೆ, ಗದ್ದುಗೆ ಆ ತಾಲ್ಲೂಕಿನಲ್ಲೇ ಇದೆ. ಅವು ಹಾಡಲು ಕಷ್ಟ ಎಂದು ಹುಡುಗಿ ಹೇಳಿದಳು. ಕಷ್ಟವೇ ಸರಿ. ಒಂದನ್ನಾದರೂ ಪ್ರಯತ್ನಿಸುತ್ತೇನೆಂದು ಒಪ್ಪಿದ್ದಾಳೆ.

ಅದರ ಜೊತೆಗೆ ಕುಣಿಗಲ್ ಕೆರೆಯ ಜನಪದ ಗೀತೆಯನ್ನೂ ಸೇರಿಸಿಕೊಳ್ಳಿ ಎಂದೆ. ಅದು ವಚನವಲ್ಲ, ನಿಜ. ಆದರೆ ಕೆರೆ ಕಟ್ಟೆಯನ್ನು ಹೊಗಳಿ ಹಾಡುವುದು ಕಾಯಕವನ್ನು ಹೊಗಳಿದ ಹಾಗೆಯೇ. ಇಷ್ಟಕ್ಕೂ ಇದು ಕೆರೆ ಏರಿಯ ಮೇಲೆ ಓಡಾಡಿದವನ ಪಕ್ಷಪಾತ ಎಂದು ಬೇಕಾದರೆ ತಿಳಿಯಿರಿ.

ಇನ್ನು ಸಂಭಾವನೆಯ ಮಾತು. ಶಾಮಿಯಾನದವರಿಗೆ ದುಡ್ಡು ಎಣಿಸಿ ಕೊಡುತ್ತೇವೆ. ಮೈಕಿನವರು ಮುಂಗಡ ಇಲ್ಲದೆ ವೈರ್ ಬಿಚ್ಚುವುದಿಲ್ಲ. ಹೂವಿನವರಿಗೆ, ಅಡುಗೆಯವರಿಗೆ ಲೆಕ್ಕ ಇದೆ. ಹಾಡಿದವರಿಗೆ ಮಾತ್ರ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಫೋಟೋ. ‘ಸೇವೆ ಎಂದು ಮಾಡಿ ಮಕ್ಕಳೇ’ ಎನ್ನುತ್ತೇವೆ. ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಕಾಯಕವಲ್ಲವೇ? ಕಾಯಕಕ್ಕೆ ತಕ್ಕ ಪ್ರತಿಫಲ ಕೊಡಬೇಕು, ಅದರಲ್ಲಿ ದಾಸೋಹಕ್ಕೆ ಎಷ್ಟು ಎಂಬುದನ್ನು ದುಡಿದವರು ತೀರ್ಮಾನಿಸಬೇಕು. ಕೊಡಬೇಕಾದ ನಾವು ಅವರ ಪರವಾಗಿ ತೀರ್ಮಾನಿಸುವುದಲ್ಲ. ಮೂರು ಕಾರ್ಯಕ್ರಮಕ್ಕೂ ಬಸ್ಸಿನ ಖರ್ಚು ಬಿಟ್ಟು ಇಬ್ಬರಿಗೂ ಸಮನಾದ ಸಂಭಾವನೆಯನ್ನು ಲೆಕ್ಕಪತ್ರದಲ್ಲಿ ಬರೆದೇ ಕೊಡಬೇಕೆಂದು ಸಮಿತಿಯನ್ನು ಕೇಳುತ್ತೇನೆ. ಶಾಲು ಕೊಡದಿದ್ದರೆ ಅವರಿಗೇನೂ ಬೇಸರವಿಲ್ಲ, ವಿಚಾರಿಸಿದ್ದೇನೆ.

ಕೊನೆಯದಾಗಿ ಸಭಾಂಗಣ. ಈಗಿನ ಸಮುದಾಯ ಭವನಗಳನ್ನು ಗ್ರಾನೈಟ್ ನೆಲ, ಗಾಜಿನ ಕಿಟಕಿ, ಬೋಳು ಗೋಡೆ ಹಾಕಿ ಕಟ್ಟುತ್ತಾರೆ. ನೋಡಲು ಚೆಂದ, ಕೇಳಲು ಸಂಕಟ. 30 ಮೀಟರ್ ಉದ್ದ, 20 ಮೀಟರ್ ಅಗಲ, 5 ಮೀಟರ್ ಎತ್ತರದ ಅಂಥ ಭವನ ಖಾಲಿ ಇದ್ದಾಗ ಚಪ್ಪಾಳೆ ತಟ್ಟಿದರೆ ಅದರ ಸದ್ದು ಅಡಗಲು ಹೆಚ್ಚುಕಡಿಮೆ 3 ಸೆಕೆಂಡ್ ಬೇಕು. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಅದು 1 ಸೆಕೆಂಡಿನ ಆಸುಪಾಸಿಗೆ ಬರಬೇಕು. 300 ಜನ ಬಂದು ಕೂತರೆ ಅವರ ಮೈ, ಬಟ್ಟೆಗಳೇ ಶಬ್ದವನ್ನು ಹೀರಿ 3 ಇದ್ದದ್ದು ಒಂದೂವರೆಗೆ ಇಳಿಯುತ್ತದೆ. ಹಾಗಾಗಿ ನೀವು ಬರುವುದು ಸಭೆಯ ಶೋಭೆಗೆ ಮಾತ್ರವಲ್ಲ, ಗಣಿತಕ್ಕೂ ಅಗತ್ಯ! ಧ್ವನಿವರ್ಧಕವನ್ನು ಜೋರು ಮಾಡಿದರೆ ಪ್ರತಿಧ್ವನಿಯೂ ಅಷ್ಟೇ ಜೋರಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ದೊಡ್ಡ ಪೆಟ್ಟಿಗೆ ಎರಡನ್ನು ವೇದಿಕೆಯ ಪಕ್ಕ ನಿಲ್ಲಿಸಿ ಮುಂದಿನ ಸಾಲಿನವರ ಎದೆ ಗುದ್ದುವುದರ ಬದಲು, ಸಣ್ಣವು ನಾಲ್ಕನ್ನು ಜನರ ಹತ್ತಿರಕ್ಕೆ, ತಗ್ಗಿನ ಮಟ್ಟದಲ್ಲಿ ಇಡಿಸಿ. ಮೈಕಿನವರು ‘ಎಕೋ’ ಹಾಕಲೇ ಸಾರ್ ಎಂದು ಕೇಳೇ ಕೇಳುತ್ತಾರೆ. ಬೇಡವೆನ್ನಿ, ಗ್ರಾನೈಟ್ ಆಗಲೇ ಬೇಕಾದಷ್ಟು ಹಾಕಿದೆ.

ಗುಬ್ಬಿಯ ಕಾರ್ಯಕ್ರಮವನ್ನು ಬಯಲಲ್ಲಿ ಇಟ್ಟುಕೊಳ್ಳುವುದಾದರೆ ಪ್ರತಿಧ್ವನಿಯ ತೊಂದರೆ ಇಲ್ಲ, ಗಾಳಿಯದು ಮಾತ್ರ. ಕುಣಿಗಲ್ಲಿಗೆ ಕುರ್ಚಿ ಬೇಡ. ನಮ್ಮಲ್ಲಿರುವ ದಪ್ಪ ಜಮಖಾನಗಳನ್ನು ಹಿಂದಿನ ದಿನವೇ ಕಳಿಸಿದರೆ ನೆಲದ ತುಂಬ ಹಾಸಿ ಕೂರಿಸಬಹುದು. ಮಂಡಿ ನೋವಿನವರಿಗೆ ಗೋಡೆಯ ಬದಿಗೆ ಒಂದು ಸಾಲು ಕುರ್ಚಿ ಇರಲಿ, ನನಗೂ ಅಲ್ಲೊಂದು ಬೇಕಾಗುತ್ತದೆ. ಸಂಜೆ ಆರಕ್ಕೆ ಶುರು ಮಾಡಿ ಏಳೂಕಾಲಿಗೆ ಮುಗಿಸಿದರೆ ಹಳ್ಳಿಗಳಿಗೆ ಹೋಗುವವರಿಗೆ ಬಸ್ ಸಿಗುತ್ತದೆ. ಈಗ ಆ ಮಕ್ಕಳೇ ಇಲ್ಲಿದ್ದಾರೆ. ಆಯ್ದಕ್ಕಿ ಲಕ್ಕಮ್ಮನವರ ವಚನವೊಂದನ್ನು ಮೈಕ್ ಇಲ್ಲದೆ ಹಾಡಲಿ. ಬೇಡವೆಂದ ಹಿರಿಯರು ದಯವಿಟ್ಟು ಕೊನೆಯ ಸಾಲಿಗೆ ಹೋಗಿ ಕೂತು ಕೇಳಿ, ಆಮೇಲೆ ಸಮಿತಿ ತೀರ್ಮಾನ ಮಾಡಲಿ.